ಕಾಯಿ ಬಿಡುವುದಕ್ಕೆ ಮುಂಚಿನ ದಿನಗಳು

ಅವರ್ಸಾದ ದಂಡೆಯಲ್ಲಿ ನೂಲು ಹುಣ್ಣಿಮೆಯ ಸಂಜೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಹೊಸ ವರ್ಷದ ಮೀನುಗಾರಿಕೆ ಶುರುಮಾಡುವ ಮೊದಲು, ಆ ವರ್ಷ ದೋಣಿಯಲ್ಲಿ ದುಡಿಯುತ್ತ ತೀರಿಹೋದವರ ಹೆಸರನ್ನು ರಾಗವಾಗಿ ಓದುತ್ತಾರೆ. ಓದುವುದು ಒಂದೇ ಸಲ. ಓದುವ ದೇವಿದಾಸ ಅಂಕೋಲೆಯಿಂದ ಬರುವವನು, ಕೊಟ್ಟದ್ದನ್ನಷ್ಟೇ ಓದುತ್ತಾನೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ.

ಈ ಸಲ ಹೆಸರು ಬಂದದ್ದು ಪೂರ್ಣಿಮಾಳ ಡೇಟಾಬೇಸಿನಿಂದ. ಕಾರವಾರದ ಪೂರ್ಣಿಮಾ ಮೀನುಗಾರರ ಸಂಘಕ್ಕೆಂದು ಅದನ್ನು ಎಕ್ಸ್‌ಎಂಎಲ್ ಎಂಬ ಗಣಕಭಾಷೆಯಲ್ಲಿ ಕಟ್ಟಿದ್ದಳು. ಅಲ್ಲಿ ಏನನ್ನೂ ಅಳಿಸುವುದಿಲ್ಲ. ಪ್ರತಿ ಹೆಸರಿಗೂ ಎರಡು ಕಾಲ: ಅವನು ದೋಣಿಯಲ್ಲಿದ್ದ ಅವಧಿ ಒಂದು, ಆ ಸಂಗತಿ ಗಣಕಕ್ಕೆ ತಿಳಿದ ಗಳಿಗೆ ಇನ್ನೊಂದು. ಸತ್ತ ದಿನ ಯಾರು ಯಾವ ದೋಣಿಯವನೆಂದು ಕೇಳಿದರೆ ಅದು ಹೇಳಬೇಕು; ಅಂದು ಯಾವ ದೋಣಿಯಲ್ಲೂ ಇರದವನ ಹೆಸರು ಪಟ್ಟಿಗೆ ಬರುವುದಿಲ್ಲ.

ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದ ಪೂರ್ಣಿಮಾಳಿಗೆ ರಾಗದ ಏರಿಳಿತದಲ್ಲಿ ಒಂದು ಹೆಸರು ಇಲ್ಲದ್ದು ತಿಳಿಯಲೇ ಇಲ್ಲ.

ಓದು ಮುಗಿದ ಮೇಲೆ ದೋಣಿಯೊಂದರ ಯಜಮಾನ ರೂಪೇಶ ಒದ್ದೆ ಪಂಚೆಯಲ್ಲೇ ಓಡಿ ಬಂದ. "ಎಂತ ಮಾರಾಯ್ತಿ, ನಮ್ಮ ತಿಮ್ಮುನ್ನ ಎಲ್ಲಿ ನುಂಗ್ತು ನಿನ್ನ ಪೆಟ್ಟಿಗೆ? ಹೋದ ವಾರ ಕಡಲಲ್ಲೇ ಸತ್ತವ ಅವ!"

ಅಲ್ಲೇ ಮೊಬೈಲಿನಲ್ಲಿ ಹುಡುಕಿದಳು. ತಿಮ್ಮುವಿನ ಅವಧಿ ಮಳೆಗಾಲಕ್ಕೆ ದೋಣಿ ಮೇಲೆಳೆದ ದಿನಕ್ಕೇ ಮುಗಿದಿತ್ತು.

"ದೋಣಿ ಮೇಲೆ ಬಂದ್ರೆ ಹಳೇ ತಂಡ ಮುಗೀತಲ್ಲ?"

"ಯಾರಂದ್ರು ನಿಂಗೆ? ಕಾಯಿ ಬಿಡೂವರೆಗೂ ಹಳಬರೇ. ಕಾಯಿ ಬಿಟ್ಟ ಮೇಲೆ ಹೊಸಬರು."

"ಹೊಸಬರದ್ದು ಮಾತ್ರ ಹೇಳಿದ್ರಿ ನೀವು."

"ಹಳಬರದ್ದು ಹೇಳೂಕೆ ಎಂತದಿದೆ? ಎಲ್ಲರಿಗೂ ಗೊತ್ತಿದ್ದದ್ದು."

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ, ಕಾಯಿ ಬಿಡುವ ಮುಂಚೆ, ರೂಪೇಶನೇ ತಿಮ್ಮುವನ್ನು ಬಲೆ ಹಾಕಲು ಕಳಿಸಿದ್ದ. ಗಣಕದ ಲೆಕ್ಕದಲ್ಲಿ ಆ ದಿನಗಳಿಗೆ ದೋಣಿಯೇ ಖಾಲಿ.

ತಿಮ್ಮುವಿನ ಹೆಂಡತಿ ನಾಗಿ ಆಗಲೇ ದಂಡೆ ಬಿಟ್ಟು ಹೋಗಿದ್ದಳು.

ಮರುದಿನ ಪೂರ್ಣಿಮಾ ತಿಮ್ಮುವಿನ ಅವಧಿ ಮುಗಿಯುವ ತಾರೀಕು ತಿದ್ದಿದಳು. ಗಣಕವನ್ನು ಮತ್ತೆ ಕೇಳಿದಾಗ ಅವನ ಹೆಸರು ಬಂತು. ಅಷ್ಟನ್ನು ಹಿಡಿದುಕೊಂಡು ಅಂಕೋಲೆಯ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದ ನಾಗಿಯ ಮುಂದೆ ಕುಳಿತಳು.

"ಬಾಂಗ್ಡೆ ಬೇಕಾ ಬಾಯಿ?"

ಪೂರ್ಣಿಮಾ ಎಲ್ಲವನ್ನೂ ಹೇಳಿದಳು. ನಾಗಿ ಮೀನಿನ ಮೇಲೆ ನೀರು ಚಿಮುಕಿಸುತ್ತಲೇ ಕೇಳಿಸಿಕೊಂಡಳು.

"ಕಾಯಿ ಬಿಡೂಕೆ ಮುಂಚೆ ಹೋದ, ಕಡಲವ್ವನಿಗೆ ಅಪಚಾರ ಮಾಡ್ದ, ಅದಕ್ಕೇ ಬೇಕಂತ ಹೆಸರು ಬಿಟ್ರು. ಹಾಂಗೆ ಮಾತಾಡ್ತ್ರು ಎಲ್ಲ. ನಾನೂ ಹಾಂಗೇ ತಿಳ್ಕಂಡೆ."

"ಯಾರೂ ಬೇಕಂತ ಬಿಡ್ಲಿಲ್ಲ. ನನ್ನ ತಪ್ಪು. ಈಗ ಸರಿ ಮಾಡಿದೆ, ನೋಡಿ."

ನಾಗಿ ಮೊಬೈಲ್ ನೋಡಲಿಲ್ಲ. "ಹುಣ್ಣಿಮೆ ಸಂಜೆದ್ದು ಕೇಳಿದ್ರೆ ಈಗ ಅವನ ಹೆಸರು ಹೇಳ್ತದಾ ಅದು?"

ಪೂರ್ಣಿಮಾ ಮನಸ್ಸಿನಲ್ಲೇ ಗಣಕವನ್ನು ಕೇಳಿ ನೋಡಿದಳು. ಸತ್ತ ದಿನ ಅವನು ದೋಣಿಯಲ್ಲಿದ್ದನೇ ಎಂದರೆ ಈಗ ಹೌದೆನ್ನುತ್ತದೆ. ಹುಣ್ಣಿಮೆ ಸಂಜೆ ನಿನಗೆ ಏನು ಗೊತ್ತಿತ್ತು ಎಂದರೆ, ಇನ್ನೆಷ್ಟು ವರ್ಷ ಬಿಟ್ಟು ಕೇಳಿದರೂ, ಖಾಲಿ. ತಿಳಿದ ಗಳಿಗೆಯ ಆ ಎರಡನೆಯ ಕಾಲವನ್ನು ಯಾರೂ ತಿದ್ದಲಾಗದಂತೆ ಕಟ್ಟಿದವಳು ತಾನೇ.

"ಇಲ್ಲ," ಎಂದಳು. "ಆ ಸಂಜೆಯದ್ದು ಹಾಗೇ ಇರ್ತದೆ."

"ಹೌದು," ಎಂದಳು ನಾಗಿ. "ನಂಗೂ ಹಾಂಗೇ ಇರ್ತದೆ."

ಹಿಂದೆ ನಿಂತಿದ್ದ ಗಿರಾಕಿಗೆ ದಾರಿ ಬಿಡಲು ಪೂರ್ಣಿಮಾ ಎದ್ದಳು.