ಬೆನ್ನ ಹಿಂದಿನ ಹಿಡಿಕೆ

"ಇಳಿಸೋದು ಮಾತ್ರ ನಿನ್ನ ಕೆಲಸ, ಹತ್ತಿಸೋದು ಯಾರಪ್ಪನ ಕೆಲಸ? ಮನುಷ್ಯತ್ವ ಅನ್ನೋದು ಇದೆಯೇನಯ್ಯಾ ನಿನಗೆ?"

"ಇದೆ ಸಾರ್. ಮೂರು ವರ್ಷದಿಂದ ಹೊರ್ತಾ ಇದೀನಲ್ಲ, ಅದೇ ನಂದು. ನಿಮ್ಮದೆಲ್ಲಿದೆ? ನೋಟಿಸ್ ಬೋರ್ಡಿನಲ್ಲಾ?"

ಬಡಗಿ ಅಷ್ಟು ಹೇಳಿ ಕುರ್ಚಿಯ ಹಿಂಗಾಲುಗಳನ್ನು ನೆಲಕ್ಕೂರಿ ಹಿಡಿಕೆಯಿಂದ ಕೈ ತೆಗೆದ. ಮುಂಗಾಲುಗಳನ್ನು ಹಿಡಿದಿದ್ದ ವ್ಯಾನಿನ ಡ್ರೈವರ್ ಕೂಡ ಬೇರೆ ದಾರಿಯಿಲ್ಲದೆ ಕುರ್ಚಿಯನ್ನು ನೆಲಕ್ಕಿಟ್ಟ. ಮೂರನೇ ಮಹಡಿಗೂ ಎರಡನೇ ಮಹಡಿಗೂ ನಡುವೆ, ಮೆಟ್ಟಿಲು ತಿರುಗುವ ಕಡೆ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಅದರಲ್ಲಿ ಟೈಪಿಂಗ್ ಮೇಡಂ ಎದೆಗೆ ಬೆಲ್ಟು ಬಿಗಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ಬಡಗಿ, ಮುಂದೆ ಡ್ರೈವರ್, ಎರಡು ಮೆಟ್ಟಿಲು ಕೆಳಗೆ ದಾರಿಗಡ್ಡವಾಗಿ ಕಟ್ಟಡದ ಸೆಕ್ರೆಟರಿ.

ಜಗಳಕ್ಕೆ ಕಾರಣವಾದದ್ದು ಬಡಗಿಯ ಚೀಲ. ಬೆಳಿಗ್ಗೆ ಹತ್ತಿ ಬರುವಾಗ ಅದನ್ನು ಆ ತಿರುವಿನ ಮೂಲೆಯಲ್ಲಿಟ್ಟಿದ್ದ. ಗರಗಸದ ಹಿಡಿ ಹೊರಗೆ ಇಣುಕುತ್ತಿತ್ತು, ಮೇಲೆ ಸುತ್ತಿ ಕಟ್ಟಿದ ಕಂಬಳಿ. ಟೆರೇಸಿನಲ್ಲಿ ಡಂಬಲ್ಸ್ ಎತ್ತಿ ಎರಡನೇ ಮಹಡಿಯ ತಮ್ಮ ಮನೆಗೆ ಇಳಿಯುತ್ತಿದ್ದ ಸೆಕ್ರೆಟರಿ ಅದನ್ನು ನೋಡಿ, ಅಲ್ಲೇ ನಿಂತು, "ಯಾವೂರಿಗಯ್ಯಾ ಸವಾರಿ?" ಎಂದಿದ್ದರು. ಒಂದು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಬಡಗಿಯ ಬಾಯಿಂದ ಆಗ ಬಿತ್ತು. "ಇಳಿಸಿ ಹೋಗ್ತೀನಿ. ಮಧ್ಯಾಹ್ನ ಹತ್ತಿಸೋಕೆ ನಾನಿರಲ್ಲ."

"ಉದ್ದಣ್ಣ, ಇವತ್ತೊಂದಿನ ಇದ್ದುಬಿಡು," ಎಂದ ಡ್ರೈವರ್. ಬಡಗಿಯ ಎತ್ತರ ನೋಡಿ ಬೀದಿಯೇ ಇಟ್ಟ ಹೆಸರು ಅದು.

"ಮೂರು ವರ್ಷದಿಂದ ಇವತ್ತೊಂದಿನವೇ ನಡೀತಿದೆಯಲ್ಲೋ."

ಅದೇನೂ ಸುಳ್ಳಲ್ಲ. ಮೂರು ವರ್ಷದ ಹಿಂದೆ ಮೇಡಂ ಅವರ ಮೂತ್ರಪಿಂಡ ಕೈಕೊಟ್ಟಿತು; ಎಡಗಾಲನ್ನು ಅದಕ್ಕೂ ಮೊದಲೇ ಮೊಣಕಾಲಿನವರೆಗೆ ಕತ್ತರಿಸಿದ್ದರು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಲಿಫ್ಟಿಲ್ಲದ ಕಟ್ಟಡ, ಐವತ್ನಾಲ್ಕು ಮೆಟ್ಟಿಲು. ಆ ಬೀದಿಯ ಅರ್ಧ ಜನ ಅವರ ಹತ್ತಿರ ಟೈಪಿಂಗ್ ಕಲಿತವರೇ. ಹನ್ನೊಂದು ಜನ ಸೇರಿ ಸೇವಾ ಬಳಗ ಕಟ್ಟಿದರು, ಸೆಕ್ರೆಟರಿಯನ್ನು ನಡುವೆ ನಿಲ್ಲಿಸಿ ಫೋಟೋ ತೆಗೆಸಿ ನೋಟಿಸ್ ಬೋರ್ಡಿಗೆ ಹಾಕಿದರು. ನೆಲಮಹಡಿಯ ಮನೆ ಖಾಲಿಯಾದರೆ ಮೊದಲು ಮೇಡಂಗೇ ಎಂದು ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಆ ಮನೆ ಎರಡು ಸಲ ಖಾಲಿಯಾಗಿ ಎರಡು ಸಲ ತುಂಬಿತು. ಫೋಟೋದಲ್ಲಿದ್ದ ಒಬ್ಬೊಬ್ಬರಿಗೂ ಒಂದೊಂದು ಕಡೆ ನೋವು ಬಂತು.

ಉಳಿದವರು ಇಬ್ಬರು. ಡ್ರೈವರ್ ಉಳಿದದ್ದು ವ್ಯಾನ್ ಅವನದಾದ್ದರಿಂದ. ಬಡಗಿ ಉಳಿದದ್ದು ಕುರ್ಚಿ ಅವನದಾದ್ದರಿಂದ. ತೇಗದ ತುಂಡುಗಳಿಂದ ತಾನೇ ಮಾಡಿದ್ದ. ಬೆನ್ನಿನ ಎರಡು ಕಂಬಗಳನ್ನು ಮೇಲಕ್ಕೆ ಬೆಳೆಸಿ, ನಡುವೆ ದುಂಡನೆಯ ಅಡ್ಡಕೋಲನ್ನು ಹಿಡಿಕೆಯಾಗಿ ಕೂರಿಸಿದ್ದ. ಅಳತೆಗೆ ಆಗ ಹತ್ತಿರ ಯಾರೂ ಇರಲಿಲ್ಲ, ತನ್ನ ಸೊಂಟಕ್ಕೇ ತಾಗಿಸಿ ಗುರುತು ಹಾಕಿದ. ಬೇರೆಯವರು ಹಿಡಿದರೆ ಹಿಡಿಕೆ ಎದೆಗೆ ಬರುತ್ತಿತ್ತು, ತೋಳು ಮಡಚಿ ಶಕ್ತಿ ನಿಲ್ಲುತ್ತಿರಲಿಲ್ಲ. "ಅದು ನಿನ್ನ ಕೈಗೇ ಕೂರೋದು ಬಿಡಪ್ಪ," ಎನ್ನುತ್ತಿದ್ದರು. ಮೊದಮೊದಲು ಆ ಮಾತು ಅವನಿಗೆ ಸಿಹಿಯಾಗಿಯೇ ಇತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೆಂಡತಿ ಅಂದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ ಆರೂಮುಕ್ಕಾಲಿಗೆ ಇಳಿಸುವುದು, ಮಧ್ಯಾಹ್ನ ಒಂದಕ್ಕೆ ಹತ್ತಿಸುವುದು. ನಡುವೆ ಯಾವ ದೊಡ್ಡ ಕೆಲಸ ಒಪ್ಪಿಕೊಳ್ಳಲಿಕ್ಕಾಗುತ್ತದೆ? ಬಾಗಿಲು, ಕಿಟಕಿ, ಅಟ್ಟ ಮಾಡುತ್ತಿದ್ದವನು ಈಗ ಸಡಿಲವಾದ ಚಿಲಕ ಬಿಗಿಸುತ್ತ ಕೂತಿದ್ದ. ದೂರದ ಊರಿನಲ್ಲಿ ಗ್ರಂಥಾಲಯ ಏಳುತ್ತಿತ್ತು. ಅರವತ್ತು ಕಿಟಕಿ, ಹನ್ನೊಂದು ತಿಂಗಳ ಕೆಲಸ. "ಇದು ಮೂರನೇ ಸಲ ಕರೀತಿರೋದು. ನಾಲ್ಕನೇ ಸಲ ಕರೆಯೋಲ್ಲ," ಎಂದಿದ್ದ ಅಲ್ಲಿನ ಮೇಸ್ತ್ರಿ. ಅಲ್ಲಿಗೆ ಹೋಗುವ ಬಸ್ಸು ಇವತ್ತು ಒಂಬತ್ತಕ್ಕೆ.

"ನೀನು ಹೋದರೆ ಇವರ ಗತಿಯೇನು ಅಂತ ಯೋಚನೆ ಮಾಡಿದೀಯ?" ಎಂದರು ಸೆಕ್ರೆಟರಿ, ಮೇಡಂ ಕಡೆ ಕೈ ತೋರಿಸಿ. "ಇವರು ಹೋಗಿಬಿಟ್ಟರೆ ಆ ಪಾಪ ಯಾರಿಗೆ?"

"ನಾನು ಇಲ್ಲೇ ಇದೀನಪ್ಪ," ಎಂದರು ಮೇಡಂ. "ಇನ್ನೂ ಹೋಗಿಲ್ಲ."

ಸೆಕ್ರೆಟರಿ ಚಾಚಿದ್ದ ಕೈಯನ್ನು ಇಳಿಸಿದರು. ಕೆಳಗೆ ಯಾರದೋ ಮನೆಯ ನಲ್ಲಿ ಸುರಿಯುವುದು ಕೇಳಿಸಿತು.

"ಮೇಡಂ, ನಿಮ್ಮ ಮೇಲೆ ಕೋಪ ಇಲ್ಲ ನನಗೆ," ಎಂದ ಬಡಗಿ.

"ಇದೆ. ಮೂರು ವರ್ಷದಿಂದ ನಿನ್ನ ಉಸಿರು ನನ್ನ ಕುತ್ತಿಗೆ ಹಿಂದೆಯೇ ಇದೆ. ಈ ನಡುವೆ ಅದರಲ್ಲಿ ಬೈಗುಳವೂ ಇರುತ್ತೆ. ಕೇಳಿಸೋಲ್ಲ ಅಂದ್ಕೊಂಡೆಯಾ?" ಬೆಲ್ಟು ಇದ್ದದ್ದರಿಂದ ಅವರು ಹಿಂದಕ್ಕೆ ತಿರುಗುವಂತಿರಲಿಲ್ಲ. ಎದುರಿನ ಗೋಡೆಗೇ ಮಾತಾಡುತ್ತಿದ್ದರು. "ಹೊರೋನಿಗೆ ಬೇಜಾರು ಬಂದರೆ ಚೀಲ ಕಟ್ಟಬಹುದು. ಹೊರಿಸಿಕೊಳ್ಳೋಳು ಏನು ಕಟ್ಟಬೇಕು? ಇಳಿಸಿದಾಗೊಮ್ಮೆ ಥ್ಯಾಂಕ್ಸು, ಹತ್ತಿಸಿದಾಗೊಮ್ಮೆ ಥ್ಯಾಂಕ್ಸು. ನಾಲಿಗೆ ಸವೆದುಹೋಯ್ತು ನಂದು."

ಬಡಗಿ ಹಿಡಿಕೆಯ ಮೇಲೆ ಮತ್ತೆ ಕೈಯಿಟ್ಟ.

"ಒಂದು ಕೇಳ್ತೀನಿ," ಎಂದರು ಮೇಡಂ. "ಈ ಹಿಡಿಕೆ ಎತ್ತರ ಆಯ್ತು ಅಂತ ಮೊದಲನೇ ವಾರವೇ ಗೊತ್ತಾಗಿತ್ತಲ್ಲ. ಯಾಕೆ ಕೊಯ್ಯಲಿಲ್ಲ?"

ಅದನ್ನು ಅವನಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಹೆಂಡತಿಯೂ ಕೇಳಿರಲಿಲ್ಲ. ಅವನ ಕಿವಿ ಬಿಸಿಯಾಯಿತು. ಚೀಲವನ್ನು ಎಳೆದು ಕಂಬಳಿಯನ್ನು ಆಚೆ ಒಗೆದ.

"ಸಾರ್, ಮೇಲೆ ಬನ್ನಿ. ಇಲ್ಲಿ, ನನ್ನ ಪಕ್ಕಕ್ಕೆ."

"ನಾನಾ? ಯಾಕೆ?"

"ದಿನಾ ಡಂಬಲ್ಸ್ ಎತ್ತೋ ಕೈ ತಾನೇ? ನೆಟ್ಟಗೆ ನಿಂತ್ಕೊಳ್ಳಿ."

ಸೆಕ್ರೆಟರಿ ಗೋಡೆಗೆ ಬೆನ್ನು ಉಜ್ಜಿಕೊಂಡು ಕುರ್ಚಿಯನ್ನು ದಾಟಿ ಬಂದರು. ಬಡಗಿ ಅವರ ಸೊಂಟಕ್ಕೆ ಕೈಯಿಟ್ಟು ಅಳತೆ ತೆಗೆದ. ಹಿಡಿಕೆ ಆರು ಬೆರಳು ಎತ್ತರವಾಗಿತ್ತು. ಕಿವಿಯಲ್ಲಿದ್ದ ಪೆನ್ಸಿಲಿನಿಂದ ಎರಡೂ ಕಂಬಕ್ಕೆ ಗೆರೆ ಹಾಕಿ, ಸ್ಕ್ರೂ ಬಿಚ್ಚಿ, ಅಡ್ಡಕೋಲನ್ನು ಡ್ರೈವರನ ಕೈಗೆ ಕೊಟ್ಟ.

"ಟೈಮಾಗುತ್ತೆ ಉದ್ದಣ್ಣ, ಏಳೂವರೆಗೆ ಆಸ್ಪತ್ರೆಯಲ್ಲಿರಬೇಕು. ತಡ ಆದರೆ ಬೆಡ್ಡು ಬೇರೆಯವರಿಗೆ ಕೊಟ್ಟುಬಿಡ್ತಾರೆ."

"ಹತ್ತು ನಿಮಿಷ. ಮೇಡಂ, ತಲೆ ಬಗ್ಗಿಸಿ."

ಮೇಡಂ ಬಗ್ಗಿಸಿದರು. ಗರಗಸ ಅವರ ತಲೆಯ ಪಕ್ಕದಲ್ಲೇ ಹಿಂದೆಮುಂದೆ ಆಡಿತು. ಪ್ರತಿ ಎಳೆತಕ್ಕೂ ಕುರ್ಚಿಯ ಜೊತೆ ಅವರ ಮೈಯೂ ಅದುರುತ್ತಿತ್ತು. ತೇಗದ ಹೊಟ್ಟು ಬಿಳಿಗೂದಲ ಮೇಲೆ, ಹೆಗಲ ಮೇಲೆ ಉದುರಿತು. ಎರಡು ತುಂಡುಗಳು ಬಿದ್ದವು. ಬೈರಿಗೆಯಿಂದ ಹೊಸ ತೂತು ಕೊರೆದು ಅಡ್ಡಕೋಲನ್ನು ಕೆಳಗಿಳಿಸಿ ಸ್ಕ್ರೂ ಬಿಗಿದ. ಅಲ್ಲಾಡಿಸಿ ನೋಡಿದ. ಬಿದ್ದ ತುಂಡುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಡಂ ಅವರ ಮಡಿಲಲ್ಲಿಟ್ಟ.

"ಹಿಡೀರಿ ಸಾರ್. ಬೆನ್ನು ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ. ಭಾರ ನಿಮ್ಮ ಕಡೆಗೇ ಎಳ್ಕೊಳ್ಳಿ, ಮುಂದಕ್ಕೆ ಬಿಟ್ಟರೆ ಇಬ್ಬರೂ ಇವನ ಮೇಲೆ ಬೀಳ್ತೀರ. ಮೇಲಿನ ಒಂಬತ್ತು ಆಗಿದೆ, ಮುಂದಿನದನ್ನು ಮೇಡಂ ಎಣಿಸ್ತಾರೆ. ಅವರು ಅಂದಾಗ ಮಾತ್ರ ಕಾಲಿಡಿ."

"ನನಗೆ ಬಿಪಿ ಇದೆ ಕಣಯ್ಯಾ..."

"ಹತ್ತು," ಎಂದರು ಮೇಡಂ.

ಡ್ರೈವರ್ ಕಾಲಿಟ್ಟ. ಸೆಕ್ರೆಟರಿಯೂ ಇಡಲೇಬೇಕಾಯಿತು.

ಬಡಗಿ ಕಂಬಳಿ, ಚೀಲ ಹೆಗಲಿಗೇರಿಸಿಕೊಂಡು ಹಿಂದೆ ನಿಂತ. ಕುರ್ಚಿಯನ್ನು ದಾಟಿ ಹೋಗಲು ಮೆಟ್ಟಿಲಲ್ಲಿ ಜಾಗವಿರಲಿಲ್ಲ. ಅವರು ಒಂದು ಮೆಟ್ಟಿಲು ಇಳಿದರೆ ಅವನೂ ಒಂದು ಇಳಿಯಬೇಕು, ನಿಂತರೆ ನಿಲ್ಲಬೇಕು. ಸೆಕ್ರೆಟರಿಯ ಕುತ್ತಿಗೆ ಕೆಂಪಾಗಿ, ಬನಿಯನ್ ಬೆನ್ನಿಗೆ ಅಂಟಿತ್ತು. ಎರಡು ಸಲ ಕುರ್ಚಿ ಓಲಿತು. ಎರಡು ಸಲವೂ ಬಡಗಿಯ ಕೈ ತಾನಾಗಿ ಮುಂದಕ್ಕೆ ಹೋಯಿತು. ಹಿಡಿಕೆ ಆ ಎತ್ತರದಲ್ಲಿರಲಿಲ್ಲ. ಕೈಯನ್ನು ಜೇಬಿಗೆ ಹಾಕಿಕೊಂಡ.

"ಐವತ್ನಾಲ್ಕು," ಎಂದರು ಮೇಡಂ.

ಕುರ್ಚಿ ನೆಲ ಮುಟ್ಟಿತು. ಸೆಕ್ರೆಟರಿ ಗೋಡೆ ಹಿಡಿದು ಬಗ್ಗಿ ಏದುಸಿರು ಬಿಡುತ್ತಿದ್ದರು. ಬಡಗಿ ಪಕ್ಕದಿಂದ ನುಸುಳಿ ಹೊರಗೆ ಬಂದ. ಮೇಡಂ ಮುಂದೆ ಒಂದು ಕ್ಷಣ ನಿಂತ. ಅವರ ಹುಬ್ಬಿನ ಮೇಲೂ ಹೊಟ್ಟು ಕೂತಿತ್ತು. ಒರೆಸಲು ಕೈ ಎತ್ತಿ, ಹಾಗೆಯೇ ಇಳಿಸಿದ.

"ಹೋಗು. ಬಸ್ಸು ಕಾಯೋಲ್ಲ," ಎಂದರು ಮೇಡಂ. ಥ್ಯಾಂಕ್ಸ್ ಹೇಳಲಿಲ್ಲ.

"ಮಧ್ಯಾಹ್ನದ ಹೊತ್ತಿಗೆ ಮನಸ್ಸು ಬದಲಾದರೆ..." ಎಂದು ಸೆಕ್ರೆಟರಿ ಶುರುಮಾಡುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಒಂದು ಗಂಟೆಗೆ ವ್ಯಾನ್ ವಾಪಸ್ಸು ಬಂತು. ಡ್ರೈವರ್ ಅಭ್ಯಾಸದಂತೆ ಗೇಟಿನ ಪಕ್ಕದ ಬಡಗಿಯ ಶೆಡ್ಡಿನ ಮುಂದೆ ನಿಧಾನಿಸಿ ಎರಡು ಸಲ ಹಾರ್ನ್ ಹೊಡೆದ. ಬಾಗಿಲಿಗೆ ಬೀಗವಿತ್ತು. ಇನ್ನೊಂದು ಸಲ ಹೊಡೆದ. ಎರಡನೇ ಮಹಡಿಯಲ್ಲಿ ಸೆಕ್ರೆಟರಿಯ ಕಿಟಕಿಯ ಪರದೆ ಸ್ವಲ್ಪ ಸರಿಯಿತು, ಮತ್ತೆ ಮುಚ್ಚಿಕೊಂಡಿತು.

ಕುರ್ಚಿಯನ್ನು ಮೊದಲ ಮೆಟ್ಟಿಲ ಹತ್ತಿರ ಇಳಿಸಿ ಡ್ರೈವರ್ ಮೇಲಕ್ಕೆ ನೋಡುತ್ತ ನಿಂತ. ಮೇಡಂ ಅವರ ಮುಖ ಬಿಳಿಚಿಕೊಂಡಿತ್ತು. ಮಡಿಲಿನ ಎರಡು ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ತುಂಬ ಹೊತ್ತಾದ ಮೇಲೆ ಎಲ್ಲೋ ಮೇಲೆ ಚಿಲಕ ತೆಗೆದ ಸದ್ದಾಯಿತು. ಚಪ್ಪಲಿಯ ಸಪ್ಪಳ ಒಂದೊಂದೇ ಮೆಟ್ಟಿಲು, ನಿಂತು ನಿಂತು, ಇಳಿಯತೊಡಗಿತು.

ಮೇಡಂ ಕಣ್ಣು ಮುಚ್ಚಿಕೊಂಡೇ ಅದನ್ನು ಎಣಿಸುತ್ತಿದ್ದರು.