ಬಲ್ಲವರು ಯಾರೂ ಇಲ್ಲ

ಹುರಿದ ಕಾಫಿಯ ತಟ್ಟೆಯಿಂದ ಒಡಕು ಬೀಜಗಳನ್ನು ಮೋಕ್ಷಿತಾ ಒಂದೊಂದಾಗಿ ಹೆಕ್ಕುತ್ತಿದ್ದಳು. ಎದುರಿಗೆ ಹಿರುತ್ ಕೂಡ ಹೆಕ್ಕುತ್ತಿದ್ದಳು.

ಕಾಫಿಯ ರುಚಿ ನೋಡಿ ದರ್ಜೆ ಹೇಳಲು ಹಿರುತ್ ಇಥಿಯೋಪಿಯಾದಿಂದ ಸಿದ್ದಾಪುರದ ಪಕ್ಕದ ಈ ಎಸ್ಟೇಟಿಗೆ ಬಂದು ಎರಡು ವರ್ಷವಾಗಿತ್ತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಆಳುಗಳ ಲೈನ್‌ಮನೆಯಲ್ಲಿದ್ದುಕೊಂಡು ಕಾಫಿ ಹಣ್ಣು ಕೊಯ್ಯುತ್ತಿದ್ದ ಮೋಕ್ಷಿತಾಗೆ ಆ ಕೆಲಸ ಕಲಿಸಿದವಳು ಅವಳೇ; ಅವಳನ್ನು ಮೋಕ್ಷಿತಾ ಅಕ್ಕ ಎಂದೇ ಕರೆಯುತ್ತಿದ್ದಳು. ಈಗ ಹಿರುತಳ ವಾಸದ ಪರವಾನಗಿ ಮುಗಿಯುತ್ತಿತ್ತು. ಅದನ್ನು ಮುಂದುವರಿಸಲು, ಈ ಕೆಲಸ ಬಲ್ಲವರು ಇಲ್ಲಿ ಯಾರೂ ಇಲ್ಲ ಎಂದು ಸಾಹುಕಾರರು ಸಹಿ ಹಾಕಿದ ಕಾಗದ ಇವತ್ತೇ ಮಡಿಕೇರಿಗೆ ಹೋಗಬೇಕು. ಬೇರೆ ಎಸ್ಟೇಟು ಸೇರುವ ಹಾಗಿಲ್ಲ. ವೀಸಾ ಸಿಕ್ಕಿದ್ದೇ ಈ ಸಾಹುಕಾರರ ಹೆಸರಿನಲ್ಲಿ.

ತಪ್ಪು ಮಾಡಿದವಳು ಹಿರುತಳೇ. ತನಗೆ ಸಿಕ್ಕದ ಹುಳಿವಾಸನೆಯೊಂದು ಹೋದ ತಿಂಗಳು ಮೋಕ್ಷಿತಾಗೆ ಸಿಕ್ಕಿದಾಗ, ಹೆಮ್ಮೆಯಿಂದ ಎಲ್ಲರೆದುರು ಹೇಳಿಬಿಟ್ಟಿದ್ದಳು: “ಇವಳು ಈಗ ನನಗೆ ಸಮ.” ಸಾಹುಕಾರ ಪ್ರಜ್ಞೇಶ್ ಆ ಮಾತನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ಈಗ ಅವರು ಒಳಗೆ ಬಂದರು. ಹಿಂದೆಯೇ, ಇನ್ನೂ ಸಹಿಯಾಗದ ಆ ಕಾಗದ ಹಿಡಿದು, ಆಳುಗಳ ಲೆಕ್ಕ ಬರೆಯುವ ರೈಟರ್ ಮಲ್ಲಪ್ಪ. ಮೇಜಿನ ಮೇಲೆ ಕಾಫಿಯ ಮೂರು ಬಟ್ಟಲುಗಳಿದ್ದವು.

“ನೋಡಿ ಹೇಳು,” ಎಂದರು ಪ್ರಜ್ಞೇಶ್, ಮೋಕ್ಷಿತಾಗೆ.

ಮೂರನೆಯದು ನಾಲಿಗೆಗೆ ತಾಗುತ್ತಲೇ ಗೋಣಿಚೀಲದ ಮುಗ್ಗಲು ವಾಸನೆ ಹೊಡೆಯಿತು. ಗೊತ್ತಾಗಲಿಲ್ಲ ಎಂದರೆ ಸಾಹುಕಾರರು ಸಹಿ ಹಾಕಲೇಬೇಕು ಎಂದುಕೊಂಡಳು.

“ಎಲ್ಲಾ ಒಂದೇ ಥರ ಇದೆ ಸಾಹುಕಾರ್ರೇ.”

“ಏನು ಟೇಸ್ಟರ್ ಮೇಡಮ್ಮೇ, ಶೀತವಾ?” ಮಲ್ಲಪ್ಪ ನಕ್ಕ.

ಪ್ರಜ್ಞೇಶರ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಹಿರುತ್ ಮೂರನೇ ಬಟ್ಟಲನ್ನು ಮುಂದಕ್ಕೆ ತಳ್ಳಿದಳು.

“ಸುಳ್ಳು ಬೇಡ ಮೋಕ್ಷಿ. ಸುಳ್ಳು ಹೇಳೋದು ನಾನು ಕಲಿಸಿಲ್ಲ.”

ಅಕ್ಕನ ಕೆನ್ನೆಗೆ ಹೊಡೆಯಬೇಕೆನಿಸಿತು ಮೋಕ್ಷಿತಾಗೆ. “ಮೂರನೇದು ಮುಗ್ಗಲು,” ಎಂದಳು.

“ಅಲ್ಲಿಗೆ ಬಲ್ಲವರು ಇದ್ದಾರೆ ಅಂತಾಯ್ತಲ್ಲ! ಸರ್ಕಾರಕ್ಕೆ ನಾನು ಸುಳ್ಳು ಬರ್ಕೊಡ್ಲಾ?” ಪ್ರಜ್ಞೇಶ್ ಹಿರುತ್ ಕಡೆ ಕೈ ಚೆಲ್ಲಿದರು. “ನಾಳೆಯಿಂದ ಇಲ್ಲಿ ಮೋಕ್ಷಿತಾನೇ ನೋಡ್ಕೊಳ್ಲಿ. ಮಲ್ಲಪ್ಪ, ಮೋಕ್ಷಿತಾ ಹೆಸರು ಪಿಕಿಂಗ್ ಲಿಸ್ಟಲ್ಲೇ ಇರ್ಲಿ, ಹಳೇ ಕೂಲಿನೇ ಸಾಕು.”

ಮೋಕ್ಷಿತಾ ಇದುವರೆಗೆ ಸಾಹುಕಾರರ ಮುಖವನ್ನು ನೆಟ್ಟಗೆ ನೋಡಿದವಳಲ್ಲ. ಈಗ ನೋಡಿದಳು.

“ಅಕ್ಕನ್ನ ಓಡ್ಸೋಕೆ ನಾನು ಬಲ್ಲವಳು. ಲಿಸ್ಟಲ್ಲಿ ಹಣ್ಣು ಕೊಯ್ಯೋಳು. ಇದ್ರಲ್ಲಿ ಯಾವ್ದು ಸುಳ್ಳು ಸಾಹುಕಾರ್ರೇ?”

“ಏಯ್, ಬಾಯಿ ಮುಚ್ಚು!” ಎಂದ ಮಲ್ಲಪ್ಪ.

ಅವಳು ಅವನ ಕೈಯಿಂದ ಕಾಗದ ಕಿತ್ತು ಮೇಜಿನ ಮೇಲಿಟ್ಟಳು.

“ನಾನು ಪಿಕಿಂಗೇ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಈ ಕೆಲ್ಸ ಬಲ್ಲವ್ರು ಇಲ್ಲಿ ಯಾರೂ ಇಲ್ಲ.”

ಪ್ರಜ್ಞೇಶ್ ಜೇಬಿನಿಂದ ಫೋನು ತೆಗೆದು ನೋಡತೊಡಗಿದರು. ಮಲ್ಲಪ್ಪ ಬಾಗಿಲ ಕಡೆ ತಿರುಗಿದ. ಹಿರುತ್ ತಲೆ ತಗ್ಗಿಸಿ ಕೂತಿದ್ದಳು.

“ಮಡಿಕೇರಿ ಕಚೇರಿ ಐದಕ್ಕೆ ಮುಚ್ತದೆ,” ಎಂದಳು ಮೋಕ್ಷಿತಾ. “ಸಹಿ ಹಾಕಿ ಕೊಡಿ.”