ಮೆಚ್ಚಿದ ಅರ್ಧ

ಅಜ್ಜಿಗೆ ಸ್ನಾನ ಮಾಡಿಸಿ, ತಲೆ ಒರೆಸಿ, ಒದ್ದೆ ಟವೆಲ್ಲನ್ನು ಹಗ್ಗಕ್ಕೆ ಹಾಕಿ ಬಂದು ಫೋನ್ ಎತ್ತಿಕೊಂಡಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಕಮೆಂಟುಗಳ ಸಂಖ್ಯೆ. ಅಣ್ಣನ ಸಿನಿಮಾ ವಿಮರ್ಶೆಗೆ ಹತ್ತಿಪ್ಪತ್ತು ಜನ ಏನಾದರೂ ಬರೆದರೆ ಅದೇ ಹೆಚ್ಚು. ಇವತ್ತು ಸಾವಿರ ದಾಟಿತ್ತು. ಅರೆಗಳಿಗೆ ಅವಳಿಗೆ ಖುಷಿಯೇ ಆಯಿತು. ಆಮೇಲೆ ಓದಿದಳು.

'ನಿನ್ನ ಮನೆ ಎಲ್ಲಿ ಅಂತ ಗೊತ್ತು.'

'ನಾಲಿಗೆ ಉದ್ದ ಆಗಿದೆ. ಸರಿ ಮಾಡೋಣ.'

'ಹೊಗಳೋಕೆ ಒಂದು ಮಾತೂ ಸಿಗಲಿಲ್ವೇನೋ ಅಯೋಗ್ಯ?'

ಮೂರನೆಯದರ ಮೇಲೆ ಅವಳ ಬೆರಳು ನಿಂತಿತು. ಹೊಗಳಿಕೆ ಇತ್ತಲ್ಲ? ಅರ್ಧಕ್ಕರ್ಧ ಹೊಗಳಿಕೆಯೇ ಇತ್ತು. ವಿಡಿಯೋ ಒತ್ತಿ ನೋಡಿದಳು. ಗೋಡೆಗೆ ಒರಗಿಸಿದ ಹಾಸಿಗೆಗಳ ಮುಂದೆ ಕೂತು ಅಣ್ಣ 'ಹೆಗಲು' ಎರಡನೇ ಭಾಗದ ಹೀರೋ ಬಗ್ಗೆ ಹೇಳುತ್ತಿದ್ದ: "ಸಾಹೇಬ್ರು ಇಡೀ ಊರನ್ನೇ ಎತ್ತಿದ್ರು, ಕಥೆ ಮಾತ್ರ ಕೆಳಗೇ ಬಿಟ್ಟುಬಂದ್ರು." ಕೊನೆಯವರೆಗೂ ಓಡಿಸಿದಳು. ಬರೀ ಕೊರತೆ. ಮೆಚ್ಚಿದ ಅರ್ಧ ಇನ್ನೂ ಫೋನಿನಲ್ಲೇ ಕೂತಿತ್ತು.

ಅಣ್ಣತಂಗಿಯರ ಕೆಲಸದ ರೀತಿಯೇ ಹಾಗೆ. ಅಣ್ಣ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಡೆದ ಗಾಜು ಬದಲಾಯಿಸುವವನು. ರಜೆ ದಿನ ಸಿನಿಮಾ ನೋಡಿ ಬಂದು ಹಿಂದಿನ ಕೋಣೆಯಲ್ಲಿ ಕೂತು ಮಾತಾಡುತ್ತಾನೆ. ಮುಖ ಅವನದು, ದನಿ ಅವನದು. ಏನು ಹೇಳಬೇಕೆಂಬುದು ಬಹುಪಾಲು ಅವಳದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಜ್ಜಿಯನ್ನು ನೋಡಿಕೊಂಡು ಮನೆಯಲ್ಲೇ ಇದ್ದವಳಿಗೆ ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ. ಕಣ್ಣು ಮಾತ್ರ ಬಲು ಚುರುಕು. 'ಇಲಿಮರಿ' ಎಂದೇ ಅಣ್ಣ ಕರೆಯುವುದು. ಅವನ ಸ್ವಭಾವವೋ, ಒಮ್ಮೆ ಹೊಗಳಲು ಶುರು ಮಾಡಿದರೆ ಬೆಣ್ಣೆಯಂತೆ ಕರಗಿಹೋಗಿ ಆಮೇಲೆ ಬೈಯುವುದೇ ಇಲ್ಲ. ಅದಕ್ಕೇ ಮೊದಲು ಕೊರತೆಯನ್ನೆಲ್ಲ ಹೇಳಿಸಿ, ನಂತರ ಮೆಚ್ಚಿದ್ದನ್ನು ಹೇಳಿಸುತ್ತಿದ್ದಳು. ಎರಡು ಬೇರೆ ಬೇರೆ ವಿಡಿಯೋ. ಆಮೇಲೆ ಮೆಚ್ಚಿದ್ದನ್ನು ಮುಂದಕ್ಕೆ ತಂದು ಜೋಡಿಸಿ ಹಾಕುವುದು ಅವಳ ಪಾಲು.

ಬೆಳಿಗ್ಗೆ ಜೋಡಿಸಲು ಕೂತಾಗಲೇ ಬಾಗಿಲ ಚಿಲಕ ಸದ್ದಾಗಿತ್ತು. ಅಜ್ಜಿ ಬರಿಗಾಲಲ್ಲಿ ಗೇಟಿನವರೆಗೂ ಹೋಗಿಬಿಟ್ಟಿದ್ದಳು. ಗಾಬರಿಯಲ್ಲಿ ಇವಳು ಯಾವುದನ್ನೋ ಒತ್ತಿ, ಫೋನ್ ಬಿಸಾಡಿ ಓಡಿದ್ದಳು. ಆ ಯಾವುದೋ ಒಂದು ಈಗ ಊರೆಲ್ಲ ಸುತ್ತುತ್ತಿತ್ತು.

ವಿಡಿಯೋ ಅಳಿಸಿದಳು. ಏನು ಬಂತು? ಅಷ್ಟರಲ್ಲಿ ಯಾರ‍್ಯಾರೋ ಅದನ್ನು ಇಳಿಸಿಕೊಂಡು, ತುಂಡು ಮಾಡಿ, ಕೆಂಪು ಬಣ್ಣದ ಬೈಗುಳ ಬರೆದು ಹಂಚಿದ್ದರು. ಒಂದರಲ್ಲಿ ಒಂದು ಫೋಟೊ ಇತ್ತು. ಹಸಿರು ಗೇಟು, ಮುರಿದ ಕರೆಗಂಟೆ, ಪಕ್ಕದಲ್ಲಿ ನೀರಿನ ಮೀಟರು. ಅವರದೇ ಗೇಟು. ಕೆಳಗೆ ಬರೆದಿತ್ತು: 'ಕೆಲಸ ಮುಗಿಸಿ ಆರಕ್ಕೆ ಬರ್ತಾನೆ. ಸ್ವಾಗತಕ್ಕೆ ಎಲ್ರೂ ಬನ್ನಿ.'

ಅಣ್ಣನಿಗೆ ಫೋನ್ ಮಾಡಿದಳು. ಕೆಲಸದ ಹೊತ್ತಿನಲ್ಲಿ ಹುಡುಗರ ಫೋನನ್ನೆಲ್ಲ ಮಾಲೀಕ ಡ್ರಾಯರಿನಲ್ಲಿ ಹಾಕಿ ಬೀಗ ಹಾಕುತ್ತಾನೆ. ಗಂಟೆ ಹೊಡೆದು ಹೊಡೆದು ನಿಂತಿತು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ, ಯಂತ್ರಗಳ ಗದ್ದಲದಲ್ಲಿ. ಕೊನೆಗೆ ಧೈರ್ಯ ಮಾಡಿ ಅಂಗಡಿಯ ನಂಬರಿಗೇ ಮಾಡಿದಳು.

"ಹಲೋ. ಯಾರು?" ಮಾಲೀಕನ ದನಿ.

ಅಣ್ಣನ ಹೆಸರು ಹೇಳಲು ಅವಳು ಬಾಯಿ ತೆರೆದಳು.

"ಯಾರ್ರೀ ಅದು? ಮಾತಾಡೋಕಾಗದಿದ್ರೆ ಯಾಕ್ರೀ ಮಾಡ್ತೀರ?" ಕಟ್ ಆಯಿತು. ಮತ್ತೆ ಮಾಡಿದಾಗ ಅವನು ಎತ್ತಲೇ ಇಲ್ಲ. ಒಂದು ಹಲೋ ಅನ್ನಲಾಗದ ತಾನು ಪೊಲೀಸರಿಗೆ ಏನೆಂದು ಹೇಳಿಯೇನು ಎಂದುಕೊಂಡು ಫೋನನ್ನು ಎದೆಗೆ ಒತ್ತಿಕೊಂಡು ಕೂತಳು.

"ನರ್ಸಮ್ಮ," ಎಂದಳು ಅಜ್ಜಿ ಕುರ್ಚಿಯಿಂದ. "ನಿಮ್ಮ ಮುಖ ಯಾಕೆ ಹಿಂಗೆ ಬಿಳಿಚಿಕೊಂಡಿದೆ? ಊಟ ಮಾಡಿದ್ರಾ?"

ಮೊಮ್ಮಗಳು ಎಂಬುದು ಅಜ್ಜಿಗೆ ಮರೆತು ಬಹಳ ಕಾಲವಾಗಿತ್ತು. ಸ್ನಾನ ಮಾಡಿಸುವ, ಮಾತ್ರೆ ಕೊಡುವ ಹುಡುಗಿ ಯಾರೋ ನರ್ಸಮ್ಮನೇ ಇರಬೇಕೆಂದು ತಾನೇ ತೀರ್ಮಾನಿಸಿಕೊಂಡು, ಬಲು ಮರ್ಯಾದೆಯಿಂದ ಮಾತಾಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಮೊದಲ ಬೈಕು ಬಂತು. ಬಂದದ್ದು ನಿಂತಿತು. ಇನ್ನೊಂದು. ಮತ್ತೊಂದು. ಎಂಜಿನ್ ಆಫ್ ಮಾಡಿದ ಮೇಲಿನ ಮೌನವೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಕಿಟಕಿಯ ಪರದೆ ಸರಿಸಿ ನೋಡಿದಳು. ಹದಿನೈದಿಪ್ಪತ್ತು ಜನ. ಒಬ್ಬ ಹೆಲ್ಮೆಟ್ಟಿನಿಂದ ಗೇಟಿಗೆ ಬಡಿಯುತ್ತಿದ್ದ. ಇನ್ನೊಬ್ಬ ಬೀದಿಯ ತುದಿಯನ್ನೇ ನೋಡುತ್ತ ನಿಂತಿದ್ದ, ಅಣ್ಣನ ಸ್ಕೂಟರ್ ಬರುವ ತುದಿ. ಎದುರುಮನೆಯ ಟೈಲರ್ ಅಂಕಲ್ ಹೊರಗೆ ಬಂದು, ನೋಡಿ, ಸದ್ದಿಲ್ಲದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ನೆಂಟರು ಬಂದ್ರಾ?" ಎಂದಳು ಅಜ್ಜಿ. "ಕಾಫಿಗೆ ಇಡಿ."

ಗೇಟು ತೆರೆದು ಒಬ್ಬನೇ ಒಳಗೆ ಬಂದ. ನಲವತ್ತರ ಆಸುಪಾಸಿನ ಮನುಷ್ಯ. ಮಣಿಕಟ್ಟಿನಲ್ಲಿ ನಟನ ಮುಖವಿರುವ ಪಟ್ಟಿ. ಮೊದಲ ಆಟದಲ್ಲಿ ಕೂಗಿ ಕೂಗಿ ದನಿ ಒಡೆದುಹೋಗಿತ್ತು. ಉಳಿದವರು ಅವನನ್ನು 'ಅಧ್ಯಕ್ಷರೇ' ಎನ್ನುತ್ತಿದ್ದರು. ಅಭಿಮಾನಿ ಸಂಘದವನು.

"ಅಣ್ಣನ್ನ ಕರಿಯಮ್ಮ."

"ಇಲ್ಲ," ಎಂದಳು ಕಿಟಕಿಯ ಸರಳಿನ ಹಿಂದಿನಿಂದ. ದನಿ ಅವಳಿಗೇ ಕೇಳಿಸಲಿಲ್ಲ.

"ಮಂಚದ ಕೆಳಗೆ ಅಡಗವ್ನೆ ಬಿಡಿ ಅಧ್ಯಕ್ಷರೇ!" ಗೇಟಿನಿಂದ ಒಬ್ಬ ಕೂಗಿದ. "ಕ್ಯಾಮೆರಾ ಮುಂದೆ ಹುಲಿ, ಮನೇಲಿ ಬೆಕ್ಕು!"

ನಗು ಎದ್ದಿತು. ಅವಳು ಫೋನ್ ತೆಗೆದು ಉಳಿದ ಅರ್ಧವನ್ನು ಹಚ್ಚಿ ಸರಳುಗಳ ನಡುವೆ ಹಿಡಿದಳು. ರಿಪೇರಿಯವನ ಮನೆಯ ಫೋನು! ಸ್ಪೀಕರ್ ಕೆಟ್ಟು ಎಷ್ಟೋ ಕಾಲವಾಗಿತ್ತು, 'ನಾಳೆ ಹಾಕ್ತೀನಿ ಇಲಿಮರಿ' ಎನ್ನುತ್ತಲೇ ಬಂದಿದ್ದ. ಅಣ್ಣನ ದನಿ ಸೊಳ್ಳೆಯಂತೆ ಗುಂಯ್‌ಗುಟ್ಟಿತು.

"ಏನಂತೆ? ಏನೂ ಕೇಳಿಸ್ತಿಲ್ಲ," ಎಂದ ಅಧ್ಯಕ್ಷ.

ಬೀದಿಯ ತುದಿ ನೋಡುತ್ತಿದ್ದವನು ಕೈಗಡಿಯಾರ ನೋಡಿಕೊಂಡ. ಅದನ್ನು ಕಂಡದ್ದೇ ಅವಳು ಬಾಯಿ ಬಿಟ್ಟಳು. ಅಣ್ಣ ಫೋನಿನಲ್ಲಿ ಒಂದು ಮಾತು ಹೇಳಿದರೆ ಅದನ್ನೇ ಜೋರಾಗಿ ಹೇಳುತ್ತ ಹೋದಳು.

"'ಹೆಗಲು' ಮೊದಲನೇ ಭಾಗದಲ್ಲಿ ಸಾಹೇಬ್ರು ಬೀಳೋ ಕಟ್ಟಡಾನ ಹೆಗಲ ಮೇಲೆ ಹೊತ್ತಿದ್ರು. ಅಷ್ಟೇ ಮತ್ತೆ ಮಾಡಿದ್ರೂ ನಾವು ಶಿಳ್ಳೆ ಹೊಡೀತಿದ್ವಿ. ಎರಡನೇ ಭಾಗದಲ್ಲಿ ಹಂಗೆ ಮಾಡ್ಲಿಲ್ಲ. ಒಂದೊಂದು ಸಲ ಭಾರ ಎತ್ತಿದಾಗ್ಲೂ ಒಂದೊಂದು ನೆನಪು ಹೋಗತ್ತೆ ಅಂತ ಇಟ್ರು. ಇಷ್ಟು ದೊಡ್ಡ ಹೀರೋಗೆ ಇಂಥಾ ಕಷ್ಟ ಕೊಡೋಕೆ ಧೈರ್ಯ ಬೇಕು."

ಗೇಟಿನ ಸದ್ದು ಕಡಿಮೆಯಾಯಿತು.

"ಮಧ್ಯದಲ್ಲಿ ಮಗಳು ತುತ್ತು ಕೊಡೋ ದೃಶ್ಯ. ಸಂಗೀತ ಇಲ್ಲ, ಹೊಡೆದಾಟ ಇಲ್ಲ. ಸ್ವಂತ ಮಗಳಿಗೆ 'ನೀವು ಯಾರ ಮನೆಯವರು?' ಅಂತಾರೆ. ಎಷ್ಟು ಮರ್ಯಾದೆಯಾಗಿ ಕೇಳ್ತಾರೆ! ಬೈದಿದ್ರೂ ಆ ಮಗು ತಡ್ಕೊತಿತ್ತು. ಆ ಮರ್ಯಾದೆ ಇದ್ಯಲ್ಲ, ಅದನ್ನ ತಡೆಯೋಕಾಗಲ್ಲ."

ಈ ಕೊನೆಯ ಎರಡು ಮಾತು ಅಣ್ಣ ಹೇಳಿರಲಿಲ್ಲ. ಫೋನಿನಲ್ಲಿ ವಿಡಿಯೋ ಆಗಲೇ ಮುಗಿದಿತ್ತು.

"ಅಲ್ಲಿ ಥಿಯೇಟರಿನಲ್ಲಿ ಒಬ್ರೂ ಕೆಮ್ಮಲಿಲ್ಲ," ಎಂದ ಅಧ್ಯಕ್ಷ, ಯಾರಿಗೋ ಎಂಬಂತೆ. ತಕ್ಷಣ ಎಚ್ಚೆತ್ತು ಗಡುಸಾದ. "ಇಷ್ಟೆಲ್ಲ ಇಟ್ಕೊಂಡು ಬರೀ ಬೈಗುಳ ಹಾಕಿದ್ಯಾಕೆ?"

"ನನ್ನ ತಪ್ಪು. ಅರ್ಧ ಹೋಯ್ತು. ಅಣ್ಣಂದೇನೂ ಇಲ್ಲ, ನಾನೇ ಒತ್ತಿದ್ದು."

"ಹಂಗಾದ್ರೆ ಬೈದಿದ್ದೆಲ್ಲ ವಾಪಸ್ ತಗೋ. ಈಗ್ಲೇ. ರೆಕಾರ್ಡ್ ಮಾಡ್ತೀವಿ." ಅವನು ಫೋನ್ ಎತ್ತಿದ. ಗೇಟಿನಾಚೆಯೂ ನಾಲ್ಕೈದು ಫೋನು ಎದ್ದವು. "ಒಂದೊಂದಾಗಿ ಹೇಳು. ಮೂವರು ಖಳನಾಯಕರು ಸರತಿ ಸಾಲಲ್ಲಿ ಬಂದು ಒದೆ ತಿಂದು ಹೋಗ್ತಾರೆ ಅಂದ್ನಲ್ಲ?"

"ವಾಪಸ್," ಎಂದಳು. ಮೂವರೇಕೆ, ಮೂವತ್ತು ಜನ ಇರಲಿ. ಅಣ್ಣ ಮನೆಗೆ ಬಂದರೆ ಸಾಕು.

"ಊರು ಎತ್ತೋ ಸೀನಲ್ಲಿ ಒಂದು ನರಪಿಳ್ಳೆನೂ ಕಾಣಲ್ಲ, ಆಟಿಕೆ ಅಂಗಡಿ ಎತ್ತಿದಂಗಿದೆ ಅಂದಿದ್ದು?"

"ವಾಪಸ್."

"ಒಂದು ಗಂಟೆ ಕತ್ತರಿಸಬಹುದಿತ್ತು ಅಂದಿದ್ದು?"

"ವಾಪಸ್. ಇನ್ನೂ ಉದ್ದ ಇದ್ರೂ ಚೆನ್ನಾಗಿರ್ತಿತ್ತು."

ಗೇಟಿನಲ್ಲಿ ಯಾರೋ ಕಿಸಕ್ಕೆಂದ. "ಅಷ್ಟು ಬೇಡ ಕಣಮ್ಮ, ನಮಗೂ ಸೊಂಟ ನೋವು ಬಂತು." ಅಧ್ಯಕ್ಷ ತಿರುಗಿ ಕಣ್ಣು ಕೆಕ್ಕರಿಸಿದ.

"ಕಡೇದು. ಕ್ಲೈಮ್ಯಾಕ್ಸು. ಮಗಳು ಜೋಗುಳ ಹಾಡಿದ ತಕ್ಷಣ ಎಲ್ಲಾ ನೆನಪು ವಾಪಸ್ ಬರೋದು ಶುದ್ಧ ಸುಳ್ಳು ಅಂದ. ನಾವೆಲ್ಲ ಅತ್ತಿದ್ದು ಅಲ್ಲೇ. ಅದನ್ನ ವಾಪಸ್ ತಗೋ, ನಾವು ಹೋಗ್ತೀವಿ. ನಿಮ್ಮಣ್ಣನ ಕೂದಲೂ ಮುಟ್ಟಲ್ಲ."

ಅವಳು ಬಾಯಿ ತೆರೆದಳು. ಒಂದೇ ಪದ. ಇದುವರೆಗೆ ಮೂರು ಸಲ ಹೇಳಿಯಾಗಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಚಪ್ಪಲಿ ಎಳೆಯುವ ಸದ್ದು. ಅಜ್ಜಿ ಬಂದು ಅವಳ ಭುಜದ ಮೇಲಿಂದ ಇಣುಕಿದಳು.

"ಯಾರು ನರ್ಸಮ್ಮ ಇವರೆಲ್ಲ? ನನ್ನ ಮೊಮ್ಮಗಳು ಬಂದ್ಳಾ ನೋಡಿ. ಶಾಲೆಗೆ ಹೋದೋಳು ಇನ್ನೂ ಬಂದಿಲ್ಲ."

ಬೀದಿಯ ತುದಿಯಲ್ಲಿ ಸ್ಕೂಟರಿನ ಸದ್ದು ಕೇಳಿಸಿತು. ಅಣ್ಣನದೇ, ಸೈಲೆನ್ಸರ್ ತೂತಾದದ್ದು, ಎಲ್ಲಿದ್ದರೂ ಗುರುತು ಸಿಗುತ್ತಿತ್ತು. ಗೇಟಿನವರು ಅತ್ತ ತಿರುಗಿದರು. ಹೇಳು, ಹೇಳಿಬಿಡು ಎಂದು ತನಗೆ ತಾನೇ ಹೇಳಿಕೊಂಡಳು.

"ಅದೊಂದು ಆಗಲ್ಲ," ಎಂದಳು. ಅಳು ಬಂದುಬಿಟ್ಟಿತು. "ಉಳಿದಿದ್ದೆಲ್ಲ ತಗೊಳ್ಳಿ. ಅದೊಂದು ಆಗಲ್ಲ. ಇವರು ನನ್ನ ಅಜ್ಜಿ."

ಅಧ್ಯಕ್ಷ ಅಜ್ಜಿಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಅಜ್ಜಿಯನ್ನು ನೋಡಿದ.

"ಹಾಡಿದ್ದೀಯಾ?"

"ದಿನಾ. ಅವರೇ ಕಲಿಸಿದ್ದು."

"ಚೆನ್ನಾಗಿ ಹಾಡ್ತಾರೆ ನರ್ಸಮ್ಮ," ಎಂದಳು ಅಜ್ಜಿ. "ಇಂಥಾ ನರ್ಸಮ್ಮ ಸಿಗಲ್ಲ."

ಅವನು ಎತ್ತಿದ ಫೋನನ್ನು ಇಳಿಸಲಿಲ್ಲ, ಆದರೆ ಅದರ ಕಡೆ ನೋಡುವುದನ್ನೂ ಮರೆತ. ಬೀದಿಯಲ್ಲಿ ಬ್ರೇಕಿನ ಕಿರುಚಾಟ, ಬೈಗುಳ, ಏನೋ ಒಡೆದ ಸದ್ದು. "ಅಣ್ಣಾ!" ಎಂದು ಅವಳು ಕಿರುಚಿದಳು. ಅಷ್ಟು ದೊಡ್ಡ ದನಿ ತನ್ನಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಚಿಲಕ ತೆಗೆದು ಬರಿಗಾಲಲ್ಲೇ ಓಡಿದಳು. ಅವಳಿಗಿಂತ ಮುಂದೆ ಅಧ್ಯಕ್ಷ ಓಡುತ್ತಿದ್ದ.

ಸ್ಕೂಟರ್ ಬಿದ್ದಿತ್ತು. ಕನ್ನಡಿ ಚೂರಾಗಿತ್ತು. ಇಬ್ಬರು ಅಣ್ಣನ ಕಾಲರ್ ಹಿಡಿದಿದ್ದರು. ಅಣ್ಣ ಏನೂ ತಿಳಿಯದೆ ಪಿಳಿಪಿಳಿ ನೋಡುತ್ತಿದ್ದ.

"ಬಿಡ್ರೋ," ಎಂದ ಅಧ್ಯಕ್ಷ. ಒಡೆದ ದನಿ ಯಾರಿಗೂ ಕೇಳಲಿಲ್ಲ. ನಡುವೆ ನುಗ್ಗಿ ಒಬ್ಬನ ಕೈ ಕಿತ್ತ. "ಬಿಡ್ರೋ ಅಂದ್ನಲ್ಲ! ಮನೇಲಿ ವಯಸ್ಸಾದೋರಿದ್ದಾರೆ. ನಡೀರಿ."

"ಅಧ್ಯಕ್ಷರೇ, ವಾಪಸ್ ತಗೊಂಡಿಲ್ಲ ಅವ್ಳು!"

"ತಗೊಂಡ್ಳು. ಸಾಕಷ್ಟು ತಗೊಂಡ್ಳು. ನಡಿ ನೀನು."

ಬೈಕುಗಳು ಒಂದೊಂದೇ ಹೊರಟವು. ಹೆಲ್ಮೆಟ್ಟಿನವನು ಹೋಗುವಾಗ ಗೇಟಿಗೆ ಒಂದು ಒದೆ ಕೊಟ್ಟೇ ಹೋದ. ಅಧ್ಯಕ್ಷ ಬೈಕು ಹತ್ತಿ, ಕೀಲಿ ತಿರುಗಿಸಿ, ಅವಳ ಕಡೆ ನೋಡದೆ ಹೇಳಿದ:

"ಸುಳ್ಳು ಅಂತ ನಂಗೂ ಗೊತ್ತಮ್ಮ. ನಮ್ಮಪ್ಪ ಮೂರು ವರ್ಷ ನನ್ನನ್ನ ಮನೆ ಓನರ್ ಅಂತ ಅಂದ್ಕೊಂಡಿದ್ರು, ಸಾಯೋವರೆಗೂ. ಆ ಸುಳ್ಳು ನೋಡೋಕೇ ಎರಡನೇ ಸಲ ಟಿಕೆಟ್ ತಗೊಂಡೆ. ಪೂರ್ತಿ ಹಾಕೋದಾದ್ರೆ ಇದನ್ನೂ ಹಾಕು. ನನ್ನ ಹೆಸರು ಬೇಡ."

ಅಣ್ಣ ಒಳಗೆ ಬಂದು ನೀರು ಕುಡಿದ. ಎಲ್ಲ ಕೇಳಿಸಿಕೊಂಡ ಮೇಲೆ, "ಇದೆಲ್ಲ ಬೇಡ ಇಲಿಮರಿ. ಚಾನೆಲ್ ಮುಚ್ಚಿಬಿಡೋಣ," ಎಂದ. ಅವಳನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಮುಚ್ಚಿದ್ರೆ ಅರ್ಧಾನೇ ಉಳಿಯತ್ತೆ," ಎಂದಳು. "ಅವರ ಹತ್ರ ಇರೋ ಅರ್ಧ."

ಅವಳೇ ಹಿಂದಿನ ಕೋಣೆಗೆ ಹೋಗಿ ಹಾಸಿಗೆಗಳ ಮುಂದೆ ಕೂತಳು. ಮುಖ ಬೇಡ ಎಂದು ಅಣ್ಣ ಫೋನನ್ನು ಗೋಡೆಗೆ ತಿರುಗಿಸಿ ಹಿಡಿದ, ದನಿ ಮಾತ್ರ. ಮೆಚ್ಚಿದ್ದರ ಕೊನೆಗೆ ಅವಳು ಸೇರಿಸಿದಳು: ಈ ಕ್ಲೈಮ್ಯಾಕ್ಸ್ ಸುಳ್ಳು. ಆದರೆ ಅದು ಸುಳ್ಳೆಂದು ಗೊತ್ತಿದ್ದೂ ಮತ್ತೆ ನೋಡಲು ಹೋದವರೊಬ್ಬರಿದ್ದಾರೆ. ಅವರ ಪಾಲಿಗೆ ಅದೇ ಈ ಚಿತ್ರದ ದೊಡ್ಡ ಗುಣ. ನನ್ನ ಪಾಲಿಗೆ ಅದೇ ದೊಡ್ಡ ಕೊರತೆ. ಭಯದಲ್ಲಿ ವಾಪಸ್ ತೆಗೆದುಕೊಂಡಿದ್ದ ಮೂರು ಕೊರತೆಗಳನ್ನೂ ಮತ್ತೆ ಹೇಳಿದಳು, ಸ್ವಲ್ಪ ಮೆತ್ತಗೆ.

ಜೋಡಿಸಿದಳು. ಮೊದಲಿಂದ ಕೊನೆವರೆಗೆ ಓಡಿಸಿ ನೋಡಿದಳು, ಮತ್ತೊಮ್ಮೆ ಓಡಿಸಿದಳು. ಬೆರಳು ಇನ್ನೇನು ಒತ್ತಬೇಕು, ಹೊರಗೆ ಬೈಕೊಂದು ವೇಗ ತಗ್ಗಿಸಿತು. ಅಣ್ಣತಂಗಿ ಕಿವಿಗೊಟ್ಟು ಕೂತರು. ಬೈಕು ಗೇಟಿನ ಹತ್ತಿರ ನಿಂತಿತೋ, ರಸ್ತೆಯ ಉಬ್ಬು ದಾಟಲು ನಿಧಾನಿಸಿತೋ ತಿಳಿಯಲಿಲ್ಲ.

"ನರ್ಸಮ್ಮ," ಎಂದಳು ಅಜ್ಜಿ ಒಳಗಿನಿಂದ. "ಹಾಡೋ ಹೊತ್ತಾಯ್ತಲ್ವಾ?"

"ಬಂದೆ ಅಜ್ಜಿ," ಎಂದು ಅವಳು ಒತ್ತಿದಳು. ಒತ್ತಿದ ಮೇಲೆ ಎದ್ದು ಹೋಗಿ ಚಿಲಕ ಹಾಕಿದೆಯೇ ಎಂದು ನೋಡಿದಳು. ಹಾಕಿತ್ತು. ಆದರೂ ಇನ್ನೊಂದು ಸಲ ಎಳೆದು ನೋಡಿದಳು.